ಚಾಲು ಅಂದರೆ ಸಾಕು

ವಿಶಾಖಪಟ್ಟಣದ ಗಾಜುವಾಕದಲ್ಲಿರುವ ಆಟೋನಗರದ ಆ ಶೆಡ್ಡಿನಲ್ಲಿ ಕಾರು ಎತ್ತುವ ಲಿಫ್ಟುಗಳು ಎರಡು. ಮೊದಲನೆಯದರ ತಂಟೆ ನಮಗೆ ಬೇಡ. ಎರಡನೇ ನಂಬರಿನ ಲಿಫ್ಟಿಗೂ ಗದಗಿನಿಂದ ಬಂದ ಮೆಕ್ಯಾನಿಕ್ ವಿನಾಯಕನಿಗೂ ಮೂರು ವಾರದಿಂದ ಜಟಾಪಟಿ ನಡೆದಿತ್ತು.

ಎರಡು ಕಂಬದ ಲಿಫ್ಟು ನೀವೂ ನೋಡಿರುತ್ತೀರಿ. ಕಾರನ್ನು ಸರ್ವಿಸಿಗೆ ಬಿಟ್ಟಾಗ ನಾಲ್ಕು ಕಬ್ಬಿಣದ ತೋಳುಗಳ ಮೇಲೆ ಕೂರಿಸಿ ಆಳೆತ್ತರಕ್ಕೆ ಏರಿಸುತ್ತಾರಲ್ಲ, ಅದೇ. ಏರುವಾಗ ಎರಡೂ ಕಂಬಗಳ ಒಳಗಿನಿಂದ ಟಕ್, ಟಕ್ ಎಂದು ಸದ್ದು ಬರಬೇಕು. ಒಂದೊಂದು ಟಕ್ಕಿಗೂ ಒಳಗಿನ ಲಾಕು ಒಂದೊಂದು ಹಲ್ಲು ಹಿಡಿಯುತ್ತದೆ. ಆಮೇಲೆ ಎಣ್ಣೆಯ ಪೈಪು ಒಡೆಯಲಿ, ಯಾರೋ ಮೈಮರೆತು ಇಳಿಸುವ ಲೀವರ್ ಒತ್ತಲಿ, ಕಾರು ಕದಲುವುದಿಲ್ಲ. ಕೆಳಗೆ ನಿಂತವನು ಸಂಜೆ ನೆಟ್ಟಗೆ ಮನೆಗೆ ಹೋಗುತ್ತಾನೆ. ಎರಡನೇ ನಂಬರಿನಲ್ಲಿ ಬಲಗಡೆಯ ಕಂಬ ಮಾತ್ರ ಟಕ್ ಎನ್ನುತ್ತಿತ್ತು. ಎಡಗಡೆಯದು ಮೂರು ವಾರದಿಂದ ಬಾಯಿ ಮುಚ್ಚಿಕೊಂಡು ತೆಪ್ಪಗಿತ್ತು.

ಅದರ ಕೆಳಗೆ ನಿಲ್ಲುತ್ತಿದ್ದವನು ಬಾಬ್ಜಿ. ಶೆಡ್ಡಿನ ಹಿರೀ ಮೇಸ್ತ್ರಿ, ಮೂವತ್ತು ವರ್ಷದ ಅನುಭವ, ಐವತ್ತೆರಡರ ವಯಸ್ಸು, ಹೆಗಲ ಮೇಲೆ ಎಂದೂ ಒಗೆಯದ ಒಂದು ಟವೆಲು. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಲೊಟಲೊಟ ಮಾತಾಡುತ್ತಲೇ ಇರಬೇಕು. ಕಾರಿನ ಹೊಟ್ಟೆಯ ಕೆಳಗೆ ನಿಂತು, ತಲೆ ಮೇಲೆತ್ತಿ, ಊರಿನವರ ಸುದ್ದಿಯನ್ನೆಲ್ಲ ಸೈಲೆನ್ಸರಿಗೆ ಹೇಳುತ್ತಿದ್ದ. ಲಿಫ್ಟಿನ ಬಟನ್ ಒತ್ತುವವನು ವಿನಾಯಕ. ಅಂದರೆ ಬಾಬ್ಜಿಯ ತಲೆಯ ಮೇಲೆ ಒಂದೂವರೆ ಟನ್ ಕಬ್ಬಿಣ ಏರಿಸಿ ನಿಲ್ಲಿಸುವ ಪುಣ್ಯದ ಕೆಲಸ ಇವನದು. ಸದ್ದು ಒಂದೇ ಬರುತ್ತಿದೆ ಎಂದು ಗೊತ್ತಾದ ದಿನದಿಂದ ಇವನಿಗೆ ಊಟ ರುಚಿಸುತ್ತಿರಲಿಲ್ಲ.

ಶೆಡ್ಡಿನಲ್ಲಿ ಎಲ್ಲರೂ ಆಡುವುದು ತೆಲುಗು. ನಿಮಗೆ ತಿಳಿಯಲಿ ಅಂತ ನಾನು ಕನ್ನಡದಲ್ಲೇ ಹೇಳುತ್ತೇನೆ. ಬಿಡಲಾಗದ ಮಾತನ್ನಷ್ಟೇ ತೆಲುಗಿನಲ್ಲಿ ಉಳಿಸಿಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ವಿನಾಯಕ ಮೊದಲ ದಿನವೇ ಮ್ಯಾನೇಜರ್ ಮಣಿಕಂಠನ ಕ್ಯಾಬಿನ್ನಿಗೆ ಹೋಗಿ ಹೇಳಿದ. ಮಣಿಕಂಠ ಕೆಟ್ಟವನಲ್ಲ. ಮೂವತ್ತರ ಹುಡುಗ, ಓನರ್ ಸೂರ್ಯಕಾಂತಮ್ಮನ ತಂಗಿಯ ಮಗ, ಶರ್ಟಿನ ಇಸ್ತ್ರಿ ಕೆಡದಂತೆ ಇಡೀ ದಿನ ಕೂರಬಲ್ಲವನು. ಫೋನಿನಿಂದ ಕಣ್ಣೆತ್ತದೆ ಎಲ್ಲವನ್ನೂ ಕೇಳಿ, "ಚೂದ್ದಾಂ ಲೇ" ಎಂದ. ಚೂದ್ದಾಂ ಅಂದರೆ ನೋಡೋಣ. ಆದರೆ ಆಂಧ್ರದಲ್ಲಿ ನಾಲ್ಕು ದಿನ ಇದ್ದವರಿಗೆ ಗೊತ್ತು, ಹಾಗೆ ಅಂದವರು ನೋಡುವುದಿಲ್ಲ. ಮುಖದ ಮೇಲೆ ಇಲ್ಲ ಎನ್ನುವುದು ಮರ್ಯಾದೆಯಲ್ಲ ಎಂದು ಅಷ್ಟು ಹೇಳಿ ಕಳಿಸುತ್ತಾರೆ.

ಮೂರು ದಿನ ಬಿಟ್ಟು ಮತ್ತೆ ಹೋದ. ಈ ಸಲ ಮಣಿಕಂಠ ಫೋನು ಕೆಳಗಿಟ್ಟು ನಕ್ಕ.

"ಸದ್ದು ಕೇಳಿಸಲಿಲ್ಲ ಅಂತ ನೀನು ಹೇಳ್ತೀಯಾ? ನೀನು? ಏಮಯ್ಯಾ ಚಾಲೂ, ನಿನ್ನ ಕಿವಿಯನ್ನ ನಂಬಿ ನಾನು ಲಿಫ್ಟ್ ನಿಲ್ಲಿಸಲಾ?"

ಹೊರಗೆ ನಿಂತಿದ್ದವರೂ ಹೋ ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಬಾಬ್ಜಿ. ಯಾರ ತಲೆ ಉಳಿಸಲು ಇವನು ಒದ್ದಾಡುತ್ತಿದ್ದನೋ ಆ ಮನುಷ್ಯನೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ! ವಿನಾಯಕನಿಗೆ ಮೈಯೆಲ್ಲ ಉರಿದುಹೋಯಿತು.

ನಗುವುದಕ್ಕೆ ಅವರಿಗೂ ಕಾರಣವಿತ್ತು, ನಾನ್ಯಾಕೆ ಸುಳ್ಳು ಹೇಳಲಿ. ಎಂಟು ತಿಂಗಳ ಹಿಂದಿನ ಮಾತು. ವಿನಾಯಕ ತನ್ನ ಸೋದರತ್ತೆಯ ಮಗಳು ಹಾರಿಕಾಳನ್ನು ಮದುವೆಯಾಗಿ ಹೊಸದಾಗಿ ಇಲ್ಲಿಗೆ ಬಂದಿದ್ದ. ಆ ಅತ್ತೆ ಪದ್ಮಾ ಬ್ಯಾಂಕಿನ ಕೆಲಸದಲ್ಲಿ ಗದಗಿನಿಂದ ವರ್ಗವಾಗಿ ಬಂದು, ಪಕ್ಕದ ಕೌಂಟರಿನ ತೆಲುಗು ಗುಮಾಸ್ತರನ್ನೇ ಮದುವೆಯಾಗಿ ದುವ್ವಾಡದಲ್ಲಿ ಮನೆ ಮಾಡಿ ನಿಂತವಳು. ಅಳಿಯನನ್ನೂ ಅದೇ ಮನೆಯಲ್ಲಿ ಇಟ್ಟುಕೊಂಡಳು. ಗದಗಿನಲ್ಲಿ ಹದಿಮೂರು ವರ್ಷ ಗ್ಯಾರೇಜಿನಲ್ಲಿ ಪಳಗಿದ ಕೈ, ಇಲ್ಲಿ ಕೆಲಸ ಸಿಗುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ತೆಲುಗು.

ಊಟದ ಹೊತ್ತಿಗೆ ಮಾವ ತಟ್ಟೆಗೆ ಕೈ ಅಡ್ಡ ಹಿಡಿದು "ಚಾಲು, ಚಾಲು" ಎನ್ನುವರು. ಅತ್ತೆ ಇನ್ನೊಂದು ಸೌಟು ಬೇಳೆಯ ಪಪ್ಪು ಸುರಿಯುವಳು. ಮಾವ ಮತ್ತೆ "ಚಾಲು!" ಎನ್ನುವರು. ಅತ್ತೆ ತುಪ್ಪ ಹಾಕುವಳು. ದಿನಾ ಇದೇ ನಡೆಯುತ್ತಿತ್ತು. ಗದಗಿನಲ್ಲಿ ಮೋಟರ್ ಚಾಲೂ ಮಾಡು, ಫ್ಯಾನ್ ಚಾಲೂ ಮಾಡು ಎಂದು ಬೆಳೆದ ಹುಡುಗ ನಮ್ಮವನು. ಚಾಲು ಎಂದಷ್ಟೂ ಬಡಿಸುವ ಕೆಲಸ ಚಾಲೂ ಇರುವುದನ್ನು ಕಣ್ಣಾರೆ ನೋಡಿದ. ಅನುಮಾನ ಬರುವುದಾದರೂ ಎಲ್ಲಿಂದ? ತೆಲುಗಿನಲ್ಲಿ ಚಾಲು ಎಂದರೆ ಸಾಕು ಎಂದು ಅವನಿಗೆ ಯಾರೂ ಹೇಳಲೇ ಇಲ್ಲ. ಅತ್ತೆಯ ಉಪಚಾರ ಅವನಿಗೆ ಈ ಗತಿ ತಂದಿತು.

ಕೆಲಸಕ್ಕೆ ಸೇರಿದ ನಾಲ್ಕನೇ ದಿನ, ಸೀಟಿನ ಪ್ಲಾಸ್ಟಿಕ್ ಕೂಡ ತೆಗೆಯದ ಹೊಸಾ ಕಾರು ಲಿಫ್ಟಿನ ಮೇಲೆ. ವಿನಾಯಕ ಬಟನ್ ಒತ್ತಿದ. ಕಾರು ಏರಿತು. ಬಾಬ್ಜಿ "ಚಾಲು" ಎಂದ. ಹೂಂ, ಚಾಲೂ ಐತಲ್ಲ, ಎಂದುಕೊಂಡು ಇವನು ಒತ್ತುತ್ತಲೇ ಇದ್ದ. "ಚಾಲು, ಚಾಲು!" ಇಷ್ಟು ಅವಸರವೇಕೆ ಈ ಮನುಷ್ಯನಿಗೆ ಎಂದು ಬೆರಳನ್ನು ಇನ್ನೂ ಗಟ್ಟಿಯಾಗಿ ಒತ್ತಿದ. "ಒರೇಯ್, ಚಾಲ್ರಾ ಬಾಬೂ!" ಎಂದು ಬಾಬ್ಜಿ ಕಿರುಚುವ ಹೊತ್ತಿಗೆ ಮೇಲಿನ ಟ್ಯೂಬ್‌ಲೈಟು ಪುಡಿಪುಡಿಯಾಗಿ, ಕಾರಿನ ನೆತ್ತಿ ಶೆಡ್ಡಿನ ತೊಲೆಗೆ ಬಡಿದು, ಒಂದು ದೊಡ್ಡ ತಗ್ಗು ಬಿದ್ದಿತ್ತು. ಅಂದಿನಿಂದ ಅವನ ಹೆಸರು ಚಾಲೂ. ತಗ್ಗನ್ನು ಎರಡು ದಿನದಲ್ಲಿ ಸರಿ ಮಾಡಿದರು. ಹೆಸರು ಹಾಗೇ ಉಳಿಯಿತು.

ಈಗ ಹೇಳಿ, ಅಂಥವನು ಬಂದು ಸದ್ದು ಕೇಳುತ್ತಿಲ್ಲ ಎಂದರೆ ಯಾರು ನಂಬುತ್ತಾರೆ?

ಮೂರನೇ ವಾರದ ಬುಧವಾರ ಏಳು ಸೀಟಿನ ಒಂದು ದೊಡ್ಡ ಗಾಡಿ ಬಂತು. ಒಂದನೇ ನಂಬರು ಖಾಲಿ ಇರಲಿಲ್ಲ. ಎರಡಕ್ಕೆ ಹಾಕು ಎಂದ ಮಣಿಕಂಠ. ವಿನಾಯಕ ಬಟನ್ನಿನಿಂದ ಕೈ ತೆಗೆದ. "ನಾ ಏರ್ಸಂಗಿಲ್ಲ" ಎಂದ, ಸಿಟ್ಟಿನಲ್ಲಿ ಕನ್ನಡವೇ ಬಂತು. ನೀನು ಏರಿಸದಿದ್ದರೆ ಬೇರೆಯವರಿದ್ದಾರೆ ಎಂದು ಮಣಿಕಂಠ ಇನ್ನೊಬ್ಬನನ್ನು ಕರೆದ. ವಿನಾಯಕ ಒಂದು ಹಳೇ ಟೈರನ್ನು ಉರುಳಿಸಿಕೊಂಡು ಬಂದು, ಎರಡು ಕಂಬಗಳ ನಟ್ಟನಡುವೆ ಇಟ್ಟು, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಇನ್ನು ಗಾಡಿ ಒಳಗೆ ಬರುವುದು ಹೇಗೆ?

ಇಡೀ ಆಟೋನಗರಕ್ಕೆ ಸುದ್ದಿ ಮುಟ್ಟಿತು. ಪಕ್ಕದ ಶೆಡ್ಡಿನವರೂ ಬಂದು ನೋಡಿಹೋದರು. ಬಾಬ್ಜಿ ಒಂದು ಗ್ಲಾಸು ಟೀ ತಂದು ಅವನ ಕೈಗಿಟ್ಟು, "ಸ್ವಾಮೀಜಿ, ಮಂಗಳಾರತಿ ಎಷ್ಟು ಹೊತ್ತಿಗೆ?" ಎಂದು ಕೇಳಿದ. ವಿನಾಯಕ ಟೀ ಕುಡಿದ, ಎದ್ದೇಳಲಿಲ್ಲ. ಮಣಿಕಂಠ ಬೇರೆ ದಾರಿ ಕಾಣದೆ ವಿಜಯವಾಡಕ್ಕೆ ಫೋನು ಮಾಡಿದ. ಓನರ್ ಸೂರ್ಯಕಾಂತಮ್ಮ ಅಲ್ಲಿರುವುದು. ದೊಡ್ಡ ಶೆಡ್ಡು ಅಲ್ಲಿಯದೇ, ಇದು ಅದರ ಕೂಸು. ಆಕೆ ಎರಡೇ ಮಾತು ಹೇಳಿದರಂತೆ: ಶುಕ್ರವಾರ ಅವನನ್ನು ನನ್ನ ಹತ್ತಿರ ಕಳಿಸು.

ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ವಿಜಯವಾಡಕ್ಕೆ ಕರೆಸಿಕೊಂಡವರನ್ನು ಅಮ್ಮ ಕೂರಿಸಿ ಊಟ ಹಾಕಿ ಆಮೇಲೆ ಕೆಲಸದಿಂದ ತೆಗೆಯುತ್ತಾರೆ ಎಂಬ ಮಾತು ಶೆಡ್ಡಿನಲ್ಲಿತ್ತು. "ಪೋನೀಲೇ, ಹೋದರೆ ಹೋಗಲಿ, ಬೆಜವಾಡದಲ್ಲಿ ಒಳ್ಳೇ ಊಟವಾದರೂ ಸಿಗುತ್ತೆ" ಎಂದ ಬಾಬ್ಜಿ. ಅಲ್ಲಿಯವರಿಗೆ ವಿಜಯವಾಡ ಇಂದಿಗೂ ಬೆಜವಾಡವೇ.

ಮನೆಯಲ್ಲಿ ಹಾರಿಕಾ ವಿಷಯ ಕೇಳಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏಮಂಡೀ, ಟೈರ್ ಮೇಲೆ ಕೂತ್ರಂತೆ? ಬೀದಿಯವರೆಲ್ಲ ನನ್ನನ್ನ ಕೇಳ್ತಿದಾರೆ."

"ಮತ್ತೇನ್ ಮಾಡ್ಲಿ? ಬಾಯಾಗ ಹೇಳಿದ್ರ ನಗತಾರ. ಗಾಡಿ ಒಂದಿನ ಎಡಕ್ಕ ವಾಲಿ ಬಾಬ್ಜಿ ಮ್ಯಾಲೆ ಬಿತ್ತಂದ್ರ ಬಟನ್ ಒತ್ತಿದಾವ ನಾನ. ಆ ಮಾರಿ ಹೊತ್ಕೊಂಡು ನಾ ಎಲ್ಲಿ ತಿರಗಲಿ?"

"ಕೆಲಸ ಹೋದ್ರೆ?"

"ಹೋದ್ರ ಹೋಗ್ಲಿ ಅನ್ನಾಕ ಧೈರ್ಯ ಇಲ್ಲ ನನಗ. ಮಾವನ ಮನ್ಯಾಗ ಮಾವನ ಜೋಡಿ ಕುಂತು ದಿನಾ ಸೀರಿಯಲ್ ನೋಡಬೇಕಾಕ್ಕತಿ. ಆದ್ರ ಬಟನ್ ಒತ್ತಂಗಿಲ್ಲ."

ಹಾರಿಕಾಗೆ ಗಂಡನ ಮೇಲೆ ಪ್ರೀತಿ ಉಕ್ಕಿತು, ಆದರೆ ತೋರಿಸಿಕೊಂಡರೆ ಇವನು ತಲೆಯ ಮೇಲೆ ಕೂರುತ್ತಾನೆ ಎಂದು ಅಡುಗೆಮನೆಗೆ ನಡೆದಳು. "ದೊಡ್ಡೋರ ಹತ್ರ ಹೋಗ್ತಿದೀರಿ, ಖಾಲಿ ಚೇತುಲತೋ, ಬರಿಗೈಲಿ ಹೋಗ್ಬಾರದು" ಎಂದು ಅನಕಾಪಲ್ಲಿಯ ಎರಡು ಅಚ್ಚು ಬೆಲ್ಲವನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿದಳು. "ಅಲ್ಲಿ ಹೋಗಿ ಸಿಟ್ಟು ಮಾಡ್ಕೋಬೇಡಿ, ಸರೇನಾ?" ಎಂದು ಎರಡು ಸಲ ಹೇಳಿದಳು.

ಶುಕ್ರವಾರ ಬೆಳಗಿನ ರೈಲಿನಲ್ಲಿ ಕಿಟಕಿಯ ಪಕ್ಕ ಕೂತರೂ ವಿನಾಯಕನ ಕಣ್ಣಿಗೆ ಏನೂ ಕಾಣಲಿಲ್ಲ. ಅವನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಯೋಚನೆ. ತಾನು ಈಗ ಶೆಡ್ಡಿನಲ್ಲಿಲ್ಲ, ಟೈರಿನ ಮೇಲೆ ಕೂರಲು ಯಾರೂ ಇಲ್ಲ. ಆ ಏಳು ಸೀಟಿನ ಗಾಡಿ ಎರಡು ದಿನದಿಂದ ಬಾಗಿಲಲ್ಲೇ ನಿಂತಿದೆ. ಇವತ್ತು ಅದನ್ನು ಮೇಲೇರಿಸಿಯೇ ಏರಿಸುತ್ತಾರೆ. ಕೆಲಸ ಕಳೆದುಕೊಳ್ಳುವ ಪ್ರಯಾಣವನ್ನು ಇಷ್ಟು ಅವಸರದಲ್ಲಿ ಮಾಡಿದವನು ಇನ್ನೊಬ್ಬನಿರಲಾರ. ರಾಜಮಂಡ್ರಿಯಲ್ಲಿ ರೈಲು ಹತ್ತು ನಿಮಿಷ ನಿಂತಾಗ ಇಳಿದು ಹೋಗಿ ತಳ್ಳಿಬಿಡಬೇಕು ಎನ್ನಿಸಿತು.

ವಿಜಯವಾಡದ ಆಟೋನಗರ ಬೇರೆಯದೇ ಲೋಕ. ಎಲ್ಲಿ ನೋಡಿದರೂ ಲಾರಿಗಳಿಗೆ ಬಾಡಿ ಕಟ್ಟುವ ಬಡಿತ, ವೆಲ್ಡಿಂಗಿನ ಬೆಳಕು, ಪೇಂಟಿನ ವಾಸನೆ, ಅದರ ಮೇಲೆ ನೆತ್ತಿ ಸುಡುವ ಬಿಸಿಲು. ಸೂರ್ಯಕಾಂತಮ್ಮ ತಮ್ಮ ಶೆಡ್ಡಿನ ಬಾಗಿಲಲ್ಲಿ, ಸ್ಟ್ಯಾಂಡ್ ಫ್ಯಾನಿನ ಎದುರು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಊರಿನ ಹಳೇ ಪೇಟೆ ಒನ್ ಟೌನಿನ ವ್ಯಾಪಾರಿಗಳ ಮನೆಯ ಮಗಳು, ಮೆಕ್ಯಾನಿಕ್‌ನ ಹೆಂಡತಿ, ಗಂಡ ಹೋದ ಮೇಲೆ ಇಪ್ಪತ್ತು ವರ್ಷದಿಂದ ಎರಡು ಊರಿನ ಶೆಡ್ಡುಗಳನ್ನು ಗದರಿಸಿಕೊಂಡೇ ನಡೆಸಿದವರು. ಮೂಗಿನ ಎರಡೂ ಕಡೆ ಹೊಳೆಯುವ ಮೂಗುಬೊಟ್ಟು, ಕೈಯಲ್ಲಿ ಗಂಡನ ದೊಡ್ಡ ವಾಚು.

ವಿನಾಯಕ ಕೈ ಮುಗಿದು ಬೆಲ್ಲದ ಪೊಟ್ಟಣ ಮುಂದೆ ಹಿಡಿದ.

"ಬೆಲ್ಲ ತಿನ್ನಿಸಿ ಕೆಲಸ ಉಳಿಸ್ಕೋಳಕ್ಕೆ ಬಂದ್ಯಾ?"

"ನಮ್ಮನಿಯಾಕಿ ಕೊಟ್ಟಾಳ್ರೀ ಅಮ್ಮಾ" ಎಂದ. ಅವನ ತೆಲುಗಿನ ಬಾಲಕ್ಕೆಲ್ಲ ಗದಗಿನ 'ರೀ' ಅಂಟಿಕೊಂಡಿರುತ್ತಿತ್ತು.

"ಕೊಡು ಮತ್ತೆ, ಅವಳು ಒಳ್ಳೇ ಹುಡುಗಿ" ಎಂದು ಪೊಟ್ಟಣ ಬಿಚ್ಚಿ ಒಂದು ಚೂರು ಬಾಯಿಗೆ ಹಾಕಿಕೊಂಡರು. "ಕೂರ್ಚೋ. ಮೊದಲು ಆ ಚಾಲು ಕತೆ ಹೇಳು. ಮಣಿ ಹೇಳಿದ್ದು ನನಗೆ ಸರಿಯಾಗಿ ಅರ್ಥ ಆಗಲಿಲ್ಲ."

ವಿನಾಯಕನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದರೂ ಹೇಳಿದ. ಮಾವನ ತಟ್ಟೆ, ಅತ್ತೆಯ ಸೌಟು, ಗದಗಿನ ಮೋಟರು, ಟ್ಯೂಬ್‌ಲೈಟು, ಎಲ್ಲ. ಸೂರ್ಯಕಾಂತಮ್ಮ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಕುರ್ಚಿಯೇ ಅಲುಗಾಡಿತು. ಸೆರಗಿನಿಂದ ಕಣ್ಣೊರೆಸಿಕೊಂಡರು, ಬೆಲ್ಲ ಗಂಟಲಿಗೆ ಸಿಕ್ಕಿ ಕೆಮ್ಮಿದರು, ನೀರು ಕುಡಿದು ಮತ್ತೆ ನಕ್ಕರು. ನಗು ಮುಗಿದ ಮೇಲೆ ಮುಖ ಇದ್ದಕ್ಕಿದ್ದಂತೆ ಗಟ್ಟಿಯಾಯಿತು.

"ಸರಿ. ಈಗ ನೀನೇ ಹೇಳು. ಬೇಕು ಯಾವುದು, ಸಾಕು ಯಾವುದು ಅಂತ ತಿಳೀದೆ ಹೊಸಾ ಕಾರಿನ ತಲೆ ಒಡೆದೋನು ನೀನು. ನಿನ್ನ ಮಾತು ಕೇಳಿ ನಾನು ಲಿಫ್ಟ್ ಮುಚ್ಚಬೇಕಾ?"

ಸಿಟ್ಟು ಮಾಡಿಕೊಳ್ಳಬೇಡಿ ಎಂದು ಹಾರಿಕಾ ಎರಡು ಸಲ ಹೇಳಿದ್ದಳು. ಮೂರು ಸಲ ಹೇಳಬೇಕಿತ್ತು. ವಿನಾಯಕ ಎದ್ದು ನಿಂತ. ಅರ್ಧ ತೆಲುಗು, ಅರ್ಧ ಗದಗು ಒಟ್ಟಿಗೇ ಹೊರಬಂತು.

"ಹೌದ್ರೀ ಅಮ್ಮಾ, ತಪ್ಪು ಮಾಡೀನಿ. ಶೆಡ್ಡಿನಾಗ ನನ್ನಷ್ಟು ದೊಡ್ಡ ತಪ್ಪು ಯಾರೂ ಮಾಡಿಲ್ಲ. ಅದಕ್ಕ ಹೇಳಾಕತ್ತೀನಿ. ನಾ ಬಟನ್ ಮುಂದ ನಿಂತು ಕೆಟ್ಟ ಕೆಲಸ ಮಾಡಿದ್ದು ನಿಮಗೆಲ್ಲಾ ಗೊತ್ತೈತಿ, ನಗತೀರಿ, ನಗ್ರಿ. ಅವತ್ತು ಬಾಬ್ಜಿ ಹೊರಗ ನಿಂತಿದ್ದ, ಮ್ಯಾಲೆ ತೊಲಿ ಇತ್ತು, ತಗಡಿಗೆ ತಗ್ಗು ಬಿತ್ತು. ನಾಳೆ ಇನ್ನೊಬ್ಬಾವ ಹಿಂಗ ಏನೋ ತಪ್ಪು ತಿಳಕೊಂಡು ಇಳಸೋ ಲೀವರ್ ಒತ್ತತಾನ. ಬಲಕ್ಕ ಲಾಕ್ ಹಿಡಿತೈತಿ, ಎಡಕ್ಕ ಹಿಡಿಯಂಗಿಲ್ಲ. ಗಾಡಿ ವಾಲತೈತಿ. ಕೆಳಗ ತೊಲಿ ಇರಂಗಿಲ್ರೀ ಅಮ್ಮಾ, ಬಾಬ್ಜಿ ಇರತಾನ. ತಪ್ಪು ಮಾಡದವರಿಗೆ ಲಾಕ್ ಯಾಕ ಬೇಕ್ರಿ? ಲಾಕ್ ಮಾಡಿಟ್ಟಿರೋದ ನನ್ನಂಥಾವರ ಸಲುವಾಗಿ."

ಸೂರ್ಯಕಾಂತಮ್ಮ ಬೆಲ್ಲ ಅಗಿಯುವುದನ್ನು ನಿಲ್ಲಿಸಿದರು. ಪಕ್ಕದಲ್ಲಿ ಲಾರಿಯ ಬಾಡಿ ಬಡಿಯುತ್ತಿದ್ದವನಿಗೆ ಸ್ವಲ್ಪ ನಿಲ್ಲಿಸು ಎಂದು ಕೈ ಮಾಡಿದರು.

"ಬಾಬ್ಜಿ ಮೂವತ್ತು ವರ್ಷದಿಂದ ನಮ್ಮಲ್ಲಿದಾನೆ. ನನ್ನ ಯಜಮಾನರ ಕೈಯಲ್ಲಿ ಕೆಲಸ ಕಲಿತೋನು. ಅವನು ಒಂದು ಮಾತೂ ಹೇಳಿಲ್ಲ. ಅವನಿಗೆ ಕೇಳಿಸದ್ದು ನಿನಗೆ ಹೇಗೆ ಕೇಳಿಸ್ತು?"

"ಅವನ್ನ ಕೇಳ್ರಿ" ಎಂದ ವಿನಾಯಕ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ. ಬಾಬ್ಜಿ ಏನು ಹೇಳುತ್ತಾನೆ ಎಂದು ಗೊತ್ತಿಲ್ಲವೇ? ಅವನು ಮಂಗಳಾರತಿಯ ಮಾತು ತೆಗೆದು ಗಹಗಹಿಸಿದರೆ ತನ್ನ ಕೆಲಸವೂ ಹೋಯಿತು, ಅವನ ತಲೆಯೂ ಉಳಿಯುವುದಿಲ್ಲ.

ಸೂರ್ಯಕಾಂತಮ್ಮ ಫೋನು ಮಾಡಿ ಸ್ಪೀಕರಿಗೆ ಹಾಕಿದರು. ಬಾಬ್ಜಿ ಎತ್ತಿದ. ಹಿಂದೆ ಸ್ಪ್ಯಾನರಿನ ಸದ್ದು ಕೇಳುತ್ತಿತ್ತು.

"ಬಾಬ್ಜೀ, ಎಲ್ಲಿದೀಯಾ?"

"ಎರಡನೇ ನಂಬರಿನ ಕೆಳಗಮ್ಮಾ. ಆ ಏಳು ಸೀಟಿನ ಗಾಡಿ, ಇವತ್ತು ಕೊಡಲೇಬೇಕು ಅಂತ ಮಣಿಬಾಬು..."

ವಿನಾಯಕ ದಡಕ್ಕನೆ ಮುಂದೆ ಬಾಗಿದ. ಸೂರ್ಯಕಾಂತಮ್ಮ ಅವನ ಮುಖ ನೋಡಿದರು. ಆ ಮುಖದಲ್ಲಿ ಏನು ಕಂಡಿತೋ, ದನಿ ತಗ್ಗಿಸಿ ಕೇಳಿದರು.

"ಯಾವ ಕಡೆ ನಿಂತಿದೀಯಾ?"

ಆ ಕಡೆ ಸ್ಪ್ಯಾನರಿನ ಸದ್ದು ನಿಂತಿತು.

"ಬಲಗಡೆಯಮ್ಮಾ" ಎಂದ ಕೊನೆಗೆ.

"ಎಡಗಡೆ ಯಾಕಿಲ್ಲ?"

"ಎಡಗಡೆ ನಾನು ಹೋಗಿ ಮೂರು ವಾರ ಆಯ್ತಮ್ಮಾ."

"ಮತ್ತೆ ಆ ಕಡೆಯ ಕೆಲಸ?"

"ಈ ಕಡೆಯಿಂದಲೇ ಕೈ ಚಾಚಿ ಮಾಡ್ತೀನಿ. ಭುಜ ಹರಿದುಹೋಗಿದೆ."

"ಮೊದಲು ಹೊರಗೆ ಬಾ. ಒರೇಯ್, ಬಾ ಅಂದೆ! ಹೊರಗೆ ಬಂದು ಆಮೇಲೆ ಮಾತಾಡು!"

ಆಟೋನಗರದ ಅರ್ಧ ಬೀದಿಗೆ ಕೇಳಿಸುವಂತೆ ಕೂಗಿದರು ಆಕೆ. ಓಡುವ ಹೆಜ್ಜೆ ಕೇಳಿಸಿತು, ಉಸಿರು ಕೇಳಿಸಿತು. ಬಂದೆನಮ್ಮಾ ಎಂದ. ವಿನಾಯಕ ಅಪ್ಪಣೆಯನ್ನೂ ಕೇಳದೆ ಫೋನನ್ನು ಬಾಯಿಯ ಹತ್ತಿರ ಎಳೆದುಕೊಂಡು, ಎಲ್ಲರೂ ದೂರ ನಿಲ್ಲಲಿ, ಯಾರೂ ಎಡಗಡೆ ಬರಬೇಡಿ, ಮಣಿಬಾಬು ಒಬ್ಬರೇ ನಿಧಾನಕ್ಕೆ ಇಳಿಸಲಿ ಎಂದು ಹೇಳಿದ. ಆ ಕಡೆ ಮಣಿಕಂಠ ಹೇಳಿದಂತೆಯೇ ಇಳಿಸಿದ. ಗಾಡಿಯ ನಾಲ್ಕೂ ಚಕ್ರ ನೆಲ ಮುಟ್ಟಿತು ಎಂದು ಬಾಬ್ಜಿ ಹೇಳುವ ತನಕ ವಿಜಯವಾಡದಲ್ಲಿ ಇಬ್ಬರೂ ಉಸಿರು ಬಿಡಲಿಲ್ಲ.

"ಈಗ ಹೇಳು" ಎಂದರು ಸೂರ್ಯಕಾಂತಮ್ಮ. "ಗೊತ್ತಿದ್ದೂ ಯಾಕೆ ಬಾಯಿ ಮುಚ್ಕೊಂಡಿದ್ದೆ?"

"ಮೂವತ್ತು ವರ್ಷದ ಮೇಸ್ತ್ರಿ ಭಯ ಅಂದರೆ ಏನಂತಾರಮ್ಮಾ? ಹುಡುಗರು ನಗ್ತಾರೆ." ಬಾಬ್ಜಿ ನಾಚಿಕೆಯಿಂದ ಹೇಳಿದ: "ಅವನಿಗಾದರೆ ಹೆಸರು ಮೊದಲೇ ಹೋಗಿತ್ತು. ಹೆಂಗೂ ಅವನು ಹೇಳ್ತಿದ್ದಾನಲ್ಲಾ, ಹೇಳಲಿ ಅಂತ..."

ಎಲಾ ಮುದುಕಾ! ವಿನಾಯಕನಿಗೆ ಮೊದಲು ಬಂದದ್ದು ಸಿಟ್ಟು. ಮೂರು ವಾರ ತನ್ನನ್ನು ಆಡಿಕೊಂಡು ನಕ್ಕ ಬಾಯಿಯೇ ತನ್ನ ಮಾತನ್ನು ಮೊದಲ ದಿನದಿಂದ ನಂಬಿತ್ತಲ್ಲ! ಸಿಟ್ಟಿನ ಹಿಂದೆಯೇ ನಗು ಬಂತು, ನಗುವಿನ ಹಿಂದೆ ಕಣ್ಣಲ್ಲಿ ನೀರೂ ಬಂತು. ಶೆಡ್ಡಿನಲ್ಲಿ ಒಬ್ಬನಾದರೂ ತನ್ನ ಮಾತು ಕೇಳಿದ್ದ, ಅದರಿಂದಲೇ ಬದುಕಿದ್ದ. ಸಂತೋಷಕ್ಕೆ ಇನ್ನೇನು ಬೇಕು?

ಸೂರ್ಯಕಾಂತಮ್ಮ ಆಮೇಲೆ ಎಲ್ಲರನ್ನೂ ಸಾಲಾಗಿ ತೆಗೆದುಕೊಂಡರು. ಮಣಿಕಂಠನಿಗೆ ಬೈದರು, ಬಾಬ್ಜಿಗೆ ಬೈದರು, ಟೈರಿನ ಮೇಲೆ ಕೂರುವ ಬದಲು ನನಗೆ ಒಂದು ಫೋನ್ ಮಾಡಲು ನಿನಗೇನಾಗಿತ್ತು ಎಂದು ವಿನಾಯಕನಿಗೂ ಬೈದರು. ಕೊನೆಗೆ, ನನ್ನನ್ನು ಕೇಳಿದರೆ ಇದು ನ್ಯಾಯ, ತಮಗೂ ಬೈದುಕೊಂಡರು. ಆ ಶೆಡ್ಡಿಗೆ ಕಾಲಿಟ್ಟು ಎರಡು ವರ್ಷವಾಗಿತ್ತಂತೆ. ಎರಡನೇ ನಂಬರು ಅಂದಿನಿಂದಲೇ ಬಂದ್. ಎರಡೂ ಕಡೆಯ ಲಾಕು ಹೊಸದು ಹಾಕುವವರೆಗೆ ಅದರ ಮೇಲೆ ಸೈಕಲ್ ಕೂಡ ಏರಬಾರದು. ವಿನಾಯಕನಿಗೆ ಗೋಂಗೂರ, ಮುದ್ದಪಪ್ಪು, ಮಜ್ಜಿಗೆ ಹುಳಿಯ ಊಟ ಹಾಕಿಸಿದರು. ಶೆಡ್ಡಿನಲ್ಲಿ ಕೇಳಿದ ಮಾತು ನೆನಪಾಗಿ ಅವನು ಪ್ರತಿ ತುತ್ತಿಗೂ ಆಕೆಯ ಮುಖ ನೋಡುತ್ತಿದ್ದ. ಕೈ ತೊಳೆದು ಬಂದವನಿಗೆ ಆಕೆ ಹೇಳಿದ್ದು ಇಷ್ಟೇ: "ನಾಳೆ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗು."

ಶನಿವಾರ ಬೆಳಿಗ್ಗೆ ಶೆಡ್ಡಿಗೆ ಹೋದಾಗ ಎರಡನೇ ನಂಬರಿನ ಸುತ್ತ ಹಗ್ಗ ಕಟ್ಟಿತ್ತು. ಯಾರೂ ಆಡಿಕೊಳ್ಳಲಿಲ್ಲ. ಅದೇ ಅವನಿಗೆ ವಿಚಿತ್ರವೆನಿಸಿತು. ಬಟ್ಟೆ ಬದಲಿಸುತ್ತಿದ್ದಾಗ ಪೇಂಟಿಂಗಿನ ಜಗನ್ಮೋಹನ್ ಮೆಲ್ಲಗೆ ಹತ್ತಿರ ಬಂದು ಕಿವಿಯಲ್ಲಿ ಹೇಳಿದ: "ಅಣ್ಣಾ, ಪೇಂಟಿಂಗ್ ರೂಮಿನ ಫ್ಯಾನ್ ಕೆಟ್ಟು ಎರಡು ತಿಂಗಳಾಯ್ತು. ಸಂಜೆ ಹೊತ್ತಿಗೆ ತಲೆ ಗಿರ್ರನ್ನುತ್ತೆ. ನೀನೊಂದು ಮಾತು ಹೇಳ್ತೀಯಾ?" ಅವನು ಹೋದ ಎರಡೇ ನಿಮಿಷಕ್ಕೆ ಇನ್ನೊಬ್ಬ ಬಂದ. ಕಿಡಿ ಹಾರುವಾಗ ಹಾಕಿಕೊಳ್ಳುವ ಕನ್ನಡಕ ಇರುವುದು ಒಂದೇ ಅಂತೆ, ಅದೂ ಒಡೆದಿದೆಯಂತೆ. ಆಮೇಲೆ ಬಾಬ್ಜಿಯೇ ಬಂದ. ಆಚೀಚೆ ನೋಡಿ, ಟವೆಲಿನಿಂದ ಬಾಯಿ ಮುಚ್ಚಿಕೊಂಡು, ಗಾಡಿ ತೊಳೆಯುವ ಮೋಟರು ಮುಟ್ಟಿದರೆ ಶಾಕ್ ಹೊಡೆಯುತ್ತಿದೆ ಎಂದ.

"ನಿನಗೆ ಹೇಳೋ ಅಭ್ಯಾಸ ಇದೆಯಲ್ಲಯ್ಯಾ, ನೀನೇ ಹೇಳಿಬಿಡು."

ವಿನಾಯಕ ಸೊಂಟದ ಮೇಲೆ ಕೈಯಿಟ್ಟು ನಿಂತ. ಹಾರಿಕಾಳಿಂದ ಕಲಿತದ್ದು.

"ನಾ ಹೇಳಂಗಿಲ್ಲ" ಎಂದ. "ನಿಮ್ಮ ನಿಮ್ಮದು ನೀವ ಹೇಳ್ರಿ. ನಾ ಜೋಡಿ ಬರ್ತೀನಿ."

ಮೊದಲು ಯಾರೂ ಕಾಲು ಕೀಳಲಿಲ್ಲ. ಅವರ ಮುಖ ಇವರು, ಇವರ ಮುಖ ಅವರು ನೋಡಿದರು. ವಿನಾಯಕ ಬಾಬ್ಜಿಯ ಕೈ ಹಿಡಿದುಕೊಂಡು ನಡೆದೇಬಿಟ್ಟ. ಉಳಿದವರು ಹಿಂದೆ ಬಂದರು. ಏಳು ಜನ ಒಟ್ಟಿಗೇ ನುಗ್ಗಿದಾಗ ಮಣಿಕಂಠನ ಕ್ಯಾಬಿನ್ನಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಮಣಿಕಂಠ ಫೋನನ್ನು ಮೇಜಿನ ಮೇಲಿಟ್ಟು ಎದ್ದು ನಿಂತ.

ಬಾಬ್ಜಿ ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಂಡಿದ. ಮೂವತ್ತು ವರ್ಷದಲ್ಲಿ ಸಾವಿರ ಮಾತಾಡಿದ ಮನುಷ್ಯನಿಗೆ ಒಂದು ಮಾತು ಹೊರಡಲು ಇಷ್ಟು ಹೊತ್ತು ಹಿಡಿಯಿತು.

"ಮಣಿಬಾಬೂ" ಎಂದ, "ಆ ವಾಷಿಂಗ್ ಮೋಟರ್ ಮುಟ್ಟೋಕೆ ನನಗೆ ಭಯ ಆಗುತ್ತೆ."

ಯಾರೂ ನಗಲಿಲ್ಲ. ಮಣಿಕಂಠ ಹೊರಗೆ ಹೋಗಿ ಮೋಟರಿನ ಮೇನ್ ಸ್ವಿಚ್ಚನ್ನು ತಾನೇ ಆರಿಸಿ ಬಂದ.